ಒಂಬತ್ತು ವರ್ಷ ಮನೇಲಿದ್ದು ಮತ್ತೆ ಅಕೌಂಟ್ಸ್ ಕೆಲಸಕ್ಕೆ ಹೋಗೋದು ಹೇಗೆ? ಪುಣೆ ಮುಂಬೈ ಕಡೆಯೋರು ಸ್ವಲ್ಪ ಹೇಳಿ

ದಾವಣಗೆರೆಯೋಳು, ವಾಕಡ್

ಎಲ್ರಿಗೂ ನಮಸ್ಕಾರ. ಈ ಕಡೆ ಇರೋ ಕನ್ನಡದೋರು ಇಲ್ಲಿ ತುಂಬಾ ಜನ ಇದೀರಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಾನು ಬಿ.ಕಾಂ. 2010ರಲ್ಲಿ ಮದುವೆ ಆಗಿ ಪುಣೆಗೆ ಬಂದೆ, ಅದೇ ವರ್ಷ ಭೋಸರಿ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿ ಪಾರ್ಟ್ಸ್ ಮಾಡೋ ಒಂದು ಕಂಪನಿಯಲ್ಲಿ ಅಕೌಂಟ್ಸ್‌ಗೆ ಸೇರ್ಕೊಂಡೆ. ಆರು ವರ್ಷ ಇದ್ದೆ. ಎಕ್ಸೈಸ್ ರಿಟರ್ನ್, ವ್ಯಾಟ್, ಬ್ಯಾಂಕ್ ರಿಕನ್ಸಿಲಿಯೇಷನ್ (ಬ್ಯಾಂಕ್ ಸ್ಟೇಟ್‌ಮೆಂಟ್‌ನ ನಮ್ಮ ಪುಸ್ತಕದ ಜೊತೆ ತಾಳೆ ನೋಡೋದು), ಬೇರೆ ರಾಜ್ಯದ ಪಾರ್ಟಿಗಳ ಹತ್ರ ಸಿ ಫಾರ್ಮ್ (ಕಮ್ಮಿ ಟ್ಯಾಕ್ಸಲ್ಲಿ ಮಾಲು ತಗೊಂಡಿದ್ದಕ್ಕೆ ಅವರು ಕೊಡ್ಬೇಕಿದ್ದ ಕಾಗದ) ವಸೂಲಿ ಮಾಡೋದು, ಕೊನೆ ಎರಡು ವರ್ಷ ಸಂಬಳದ ಲೆಕ್ಕವೂ ನಂದೇ. 2016ರಲ್ಲಿ ಮಗಳು ಹುಟ್ಟೋಕೆ ಎರಡು ತಿಂಗಳಿದ್ದಾಗ ಬಿಟ್ಟೆ. ಆಗ ಹೆರಿಗೆ ರಜೆ 12 ವಾರ ಇತ್ತು, ಅದು 26 ವಾರ ಆಗಿದ್ದು 2017ರಲ್ಲಿ, ನನ್ನ ಪಾಲಿಗೆ ಬರ್ಲಿಲ್ಲ. ಅಷ್ಟು ಸಣ್ಣ ಕೂಸನ್ನ ಯಾರ ಕೈಗೆ ಕೊಟ್ಟು ಹೋಗ್ಲಿ, ಅತ್ತೆ ಸೊಲ್ಲಾಪುರದಲ್ಲಿ, ಅಮ್ಮ ದಾವಣಗೆರೆಯಲ್ಲಿ. ಆಮೇಲೆ ಮಗ ಹುಟ್ಟಿದ, ಆಮೇಲೆ ಕೊರೋನಾ ಬಂತು, ನೋಡ್ತಾ ನೋಡ್ತಾ ಒಂಬತ್ತೂವರೆ ವರ್ಷ ಹೋಯ್ತು. ಈಗ ಮಗಳಿಗೆ ಒಂಬತ್ತು, ಮಗನಿಗೆ ಆರು. ಇಬ್ಬರದ್ದೂ ಸ್ಕೂಲ್ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ ಮನೇಗೆ ಬರ್ತಾರೆ. ನಮ್ಮನೆಯವರು ಹಿಂಜವಡಿಗೆ ಹೋಗೋದು, ಅಲ್ಲಿಯ ಟ್ರಾಫಿಕ್ ಗೊತ್ತಿರೋರಿಗೆ ಗೊತ್ತು, ರಾತ್ರಿ ಒಂಬತ್ತರೊಳಗೆ ಬಂದ್ರೆ ಅದೇ ಹೆಚ್ಚು.

ಹೋದ ವಾರ ಧೈರ್ಯ ಮಾಡಿ ಒಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದೆ. ಅವರು ನನ್ನ ಕಾಗದ ನೋಡಿ, ಒಂಬತ್ತು ವರ್ಷ ಏನ್ ಮಾಡ್ತಿದ್ರಿ ಅಂದ್ರು. ನನ್ನ ಬಾಯಿಂದ ಬಂದಿದ್ದು, ಏನಿಲ್ಲ ಸರ್, ಮನೇಲೇ ಇದ್ದೆ. ಅಷ್ಟೇ. ಅವರು ತಲೆ ಆಡ್ಸಿ ಫೈಲ್ ಮುಚ್ಚಿದ್ರು. ನಾಶಿಕ್ ಫಾಟಾ ಬಸ್ ಸ್ಟಾಪಲ್ಲಿ ಕೂತ್ಕೊಂಡು ಎರಡು ಬಸ್ ಬಿಟ್ಟೆ, ಎದ್ದು ಹತ್ತೋಕೇ ಮನಸ್ಸು ಬರ್ಲಿಲ್ಲ.

ಈಗ ಪಿಂಪಳೆ ಸೌದಾಗರ್‌ನಲ್ಲಿ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸ್ನೋರು ಬನ್ನಿ ಅಂದಿದಾರೆ, 14,000 ಕೊಡ್ತಾರಂತೆ. ನಾನು ಬಿಟ್ಟಾಗ 22,000 ತಗೊಳ್ತಿದ್ದೆ. ಜಿಎಸ್‌ಟಿ ಬಂದ್ಮೇಲೆ ನಾನು ಒಂದು ದಿನ ಕೂಡ ಕೆಲಸ ಮಾಡಿಲ್ಲ. ಹೋಗ್ಲಾ ಬೇಡ್ವಾ, ಮಕ್ಕಳನ್ನ ಮಧ್ಯಾಹ್ನ ಏನ್ ಮಾಡ್ಲಿ, ಈ ಒಂಬತ್ತು ವರ್ಷದ್ದು ಏನಂತ ಹೇಳ್ಲಿ, ಯಾರಾದ್ರೂ ಹೋಗಿ ಬಂದೋರು ಇದ್ರೆ ಹೇಳಿ.


ಗದಗದಾಕಿ, ಸಿಂಹಗಡ ರಸ್ತೆ

ತಂಗಿ, ಉಳಿದದ್ದೆಲ್ಲಾ ಆಮೇಲೆ ನೋಡೋಣ, ಮೊದಲ ಆ "ಏನಿಲ್ಲ" ಅನ್ನೋ ಮಾತು ಬಾಯಾಗಿಂದ ತಗೀ ನೀ. ನಾನೂ ಅದನ್ನ ಹೇಳಿದಾಕಿನ. 2003ರಾಗ ಬಿಟ್ಟಿದ್ದೆ, 2011ರಾಗ ಒಂದು ಸಾಲಿ ಆಫೀಸಿನ್ಯಾಗ ಕ್ಲಾರ್ಕ್ ಕೆಲಸ ಕೇಳಾಕ ಹೋದಾಗ ಹೆಡ್ ಬಾಯಿ, ಅಂದ್ರ ಹೆಡ್‌ಮಿಸ್ಟ್ರೆಸ್, ಇದ ಪ್ರಶ್ನೆ ಕೇಳಿದ್ರು, ನಾನೂ ಕಾಹೀ ನಾಹೀ ಅಂತ ಮರಾಠಿಯೊಳಗ ಹೇಳಿಬಿಟ್ಟೆ. ಆ ಬಾಯಿ ಏನಂದ್ರ ಗೊತ್ತೇನು, ಮಕ್ಕಳನ್ನ ಯಾರು ಸಾಕಿದ್ರು ಹಂಗಾರ ಅಂತ. ನನಗ ಅವತ್ತು ಕಣ್ಣಾಗ ನೀರು ಬಂತು. ಎಲ್ಲಾರೂ ಹಂಗ ಕೇಳೋರು ಸಿಗಂಗಿಲ್ಲ, ಅದಕ್ಕ ನಾವ ಹೇಳಬೇಕು. ಇಬ್ಬರು ಮಕ್ಕಳನ್ನ ಬೆಳಸಲಿಕ್ಕೆ ಕೆಲಸ ಬಿಟ್ಟಿದ್ದೆ, ಈಗ ಅವರು ಸಾಲಿಗೆ ಹೋಗ್ತಾರ, ನಾ ಪೂರ್ತಿ ಟೈಮ್ ಕೆಲಸಕ್ಕ ತಯಾರಿದ್ದೀನಿ. ಇಷ್ಟ. ಒಂದು ಉಸಿರಿನ್ಯಾಗ ಹೇಳಿ ಮುಗಸು. ಅದರ ಹಿಂದ ಸಾರಿ ಅನಬ್ಯಾಡ, ಅಳಬ್ಯಾಡ, ಕಥಿ ಹೇಳಬ್ಯಾಡ. ಕನ್ನಡಿ ಮುಂದ ನಿಂತು ಮರಾಠಿಯೊಳಗ, ಹಿಂದಿಯೊಳಗ, ಇಂಗ್ಲಿಷ್‌ನ್ಯಾಗ ಮೂರರಾಗೂ ಅಂದು ನೋಡು, ಯಾಕಂದ್ರ ಆ ಹೊತ್ತಿಗೆ ಯಾವ ಭಾಷಾ ಬಾಯಿಗೆ ಬರ್ತದ ಗೊತ್ತಾಗಂಗಿಲ್ಲ.

ಮಕ್ಕಳದು. ನಿಮ್ಮ ಸೊಸೈಟಿಯೊಳಗ ಇಲ್ಲಾ ಪಕ್ಕದ ಸೊಸೈಟಿಯೊಳಗ ಯಾರಾದರೂ ಪಾಳ್ಣಾಘರ್, ಅಂದ್ರ ಮಕ್ಕಳನ್ನ ನೋಡಿಕೊಳ್ಳೂ ಮನಿ, ನಡಸ್ತಿರ್ತಾರ, ಪುಣೇದಾಗ ಓಣಿಗೊಂದು ಇರ್ತಾವ. ದುಡ್ಡು ಕೇಳೂದಕ್ಕಿಂತ ಮೊದಲ ಮಧ್ಯಾಹ್ನ ಎರಡಕ್ಕ, ಹೇಳದ ಕೇಳದ ಹೋಗಿ ನಿಂತು ನೋಡು. ಮಕ್ಕಳು ಮಲಗ್ಯಾವೋ, ಟಿವಿ ಮುಂದ ಕುಂತಾವೋ, ಬಾತ್‌ರೂಮ್ ಹೆಂಗದ, ನೋಡಿದ್ರ ತಿಳೀತದ. ನಾ ಮೂರು ಕಡೆ ನೋಡಿ ನಾಕನೇದ್ದಕ್ಕ ಹಾಕಿದೆ, ಅಲ್ಲೆ ಮಕ್ಕಳನ್ನ ನೋಡಿಕೊಳ್ಳೂ ಮಾವಶಿ ನನ್ನ ಮಗಗ ಊಟಕ್ಕ ಕುಂಡ್ರಿಸಿ ಮೊದಲ ಕೈ ತೊಳಸ್ತಿದ್ಲು, ಅದನ್ನ ನೋಡಿನ ಹಾಕಿದ್ದು.

ಇನ್ನೊಂದು, ಕೆಲಸ ಸುರುವಾಗೂ ದಿನಾನ ಮಕ್ಕಳನ್ನ ಅಲ್ಲೆ ಬಿಡಬ್ಯಾಡ. ಹದಿನೈದು ದಿನ ಮುಂಚೆ ಕಳಸಾಕ ಸುರು ಮಾಡು, ನೀ ಮನ್ಯಾಗ ಇದ್ದರೂ ಕಳಸು. ಸಣ್ಣಾಂವ ಅಳ್ತಾನ, ನೀ ಮನ್ಯಾಗಿದ್ದಾಗ ಅತ್ತರ ನಾಕು ಹೆಜ್ಜಿ ಹೋಗಿ ನೋಡಬಹುದು. ಆಫೀಸಿನ್ಯಾಗ ಕುಂತಾಗ ಅತ್ತರ ನಿನ್ನ ಕೈಯಾಗಿನ ಪೆನ್ನು ನಡಗ್ತದ. ಚಪಾತಿಗೆ ಒಬ್ಬ ಮಾವಶಿ ಇಟಗೊ, ಇಲ್ಲಾಂದ್ರ ಚಪಾತಿ ಪಲ್ಯ ಮಾರೂ ಪೋಳಿಭಾಜಿ ಕೇಂದ್ರದಿಂದ ತರಸು, ಅದರಾಗ ನಾಚಿಕಿ ಏನೂ ಇಲ್ಲ. ಮತ್ತ ನಿಮ್ಮ ಯಜಮಾನ್ರು ರಾತ್ರಿ ಒಂಬತ್ತಕ್ಕ ಬಂದ್ರೂ ಮುಂಜಾನೆ ಆರಕ್ಕ ಮನ್ಯಾಗ ಇರ್ತಾರಲ್ಲ, ಇಬ್ಬರ ಡಬ್ಬಿ ಅವರ ಕಟ್ಟಲಿ. ನಮ್ಮವರು ಮೊದಲನೇ ವಾರ ಉಪ್ಪಿಟ್ಟಿಗೆ ಉಪ್ಪು ಹಾಕೂದು ಮರತಿದ್ರು, ಎರಡನೇ ವಾರಕ್ಕ ಬಂತು.


ಪಿಂಪರಿ ಜಿಎಸ್‌ಟಿ ಪ್ರಾಕ್ಟೀಸ್

ಮೇಡಂ, ನಾನು ಪಿಂಪರಿಯಲ್ಲಿ ಸಣ್ಣ ಟ್ಯಾಕ್ಸ್ ಆಫೀಸ್ ಇಟ್ಕೊಂಡಿದೀನಿ, ಆರು ಜನ ಕೆಲಸ ಮಾಡ್ತಾರೆ, ಅದರಲ್ಲಿ ಇಬ್ಬರು ನಿಮ್ಮ ಹಾಗೇ ಮಕ್ಕಳಿಗೋಸ್ಕರ ಬಿಟ್ಟು ವಾಪಸ್ ಬಂದೋರು. ಅದಕ್ಕೆ ಕೆಲಸ ಕೊಡೋ ಕಡೆಯಿಂದ ಹೇಳ್ತೀನಿ.

ಜಿಎಸ್‌ಟಿ ಬಗ್ಗೆ ಹೆದರ್ಕೊಂಡಿದೀರಿ, ಅದು ಅಷ್ಟು ದೊಡ್ಡ ಗುಡ್ಡ ಅಲ್ಲ. 2017ರ ಜುಲೈ 1ಕ್ಕೆ ಎಕ್ಸೈಸ್, ಸರ್ವಿಸ್ ಟ್ಯಾಕ್ಸ್, ವ್ಯಾಟ್, ಬೇರೆ ರಾಜ್ಯದ ಮಾರಾಟದ ಸಿಎಸ್‌ಟಿ ಎಲ್ಲಾ ಅದರೊಳಗೆ ಸೇರ್ಕೊಳ್ತು. ನೀವು ಎಕ್ಸೈಸ್‌ಗೆ ಒಂದು, ವ್ಯಾಟ್‌ಗೆ ಒಂದು ಅಂತ ಬೇರೆ ಬೇರೆ ಇಡ್ತಿದ್ದ ಲೆಕ್ಕ ಈಗ ಒಂದೇ ಪೋರ್ಟಲ್‌ನಲ್ಲಿ. ತಿಂಗಳು ತಿಂಗಳು ರಿಟರ್ನ್ ಹಾಕೋರಿಗೆ ಮಾರಾಟದ್ದು ಜಿಎಸ್‌ಟಿಆರ್-1 ಮುಂದಿನ ತಿಂಗಳು 11ಕ್ಕೆ, ಟ್ಯಾಕ್ಸ್ ಕಟ್ಟೋ 3ಬಿ 20ಕ್ಕೆ. ಈ ಎರಡರ ಮಧ್ಯೆ 14ಕ್ಕೆ 2ಬಿ ಅಂತ ಒಂದು ಸ್ಟೇಟ್‌ಮೆಂಟ್ ತಾನಾಗೇ ಬರುತ್ತೆ, ನಿಮಗೆ ಮಾಲು ಕೊಟ್ಟೋರು ಯಾರ್ಯಾರು ತಮ್ಮ ಬಿಲ್ ತೋರ್ಸಿದಾರೆ ಅಂತ. ನಿಮ್ಮ ಖರೀದಿ ಲೆಡ್ಜರ್‌ನ ಅದರ ಜೊತೆ ತಾಳೆ ನೋಡೋದೇ ನಮ್ಮ ಆಫೀಸಲ್ಲಿ ತಿಂಗಳಿನ ಅರ್ಧ ಕೆಲಸ. ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡಿದ ಕೈಗೆ ಇದು ಹೊಸದಲ್ಲ, ಒಂದು ಕಡೆ ನಿಮ್ಮ ಪುಸ್ತಕ, ಇನ್ನೊಂದು ಕಡೆ ಅವರ ಸ್ಟೇಟ್‌ಮೆಂಟ್, ಮಧ್ಯೆ ಸಿಗದೇ ಇರೋದನ್ನ ಹುಡುಕೋದು.

ಇನ್ನು ಹೊಸದಾಗಿ ಕಲಿಬೇಕಾಗಿರೋದು ಅಂದ್ರೆ ಇ-ವೇ ಬಿಲ್, ಬೇರೆ ರಾಜ್ಯಕ್ಕೆ 50,000 ದಾಟಿದ ಮಾಲು ಗಾಡಿ ಹತ್ತೋಕೆ ಮುಂಚೆ ಮಾಡೋದು, ಮತ್ತೆ ಇ-ಇನ್‌ವಾಯ್ಸ್, ಸರ್ಕಾರದ ಪೋರ್ಟಲ್‌ನಲ್ಲಿ ದಾಖಲು ಮಾಡೋ ಬಿಲ್ಲು, 2023ರ ಆಗಸ್ಟ್‌ನಿಂದ 5 ಕೋಟಿ ವಹಿವಾಟು ದಾಟಿದೋರಿಗೆಲ್ಲ ಬಂದಿದೆ, ಭೋಸರಿ ಚಾಕಣ್ ಕಡೆ ಸಣ್ಣ ವರ್ಕ್‌ಶಾಪ್‌ಗಳೂ ಅದರಲ್ಲಿ ಬರ್ತಾವೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇಆರ್‌ಪಿ 9 ಹೋಗಿ 2020ರ ಕೊನೆಗೆ ಪ್ರೈಮ್ ಬಂತು, ನೋಡೋಕೆ ಬೇರೆ ಅನ್ಸುತ್ತೆ, ವಾರದಲ್ಲಿ ಕೈಗೆ ಹತ್ತುತ್ತೆ. ಒಂದು ಮಾತ್ರ ಜೋಪಾನ, ಆಗೆಲ್ಲಾ ವೋಚರ್ ತಪ್ಪಾದ್ರೆ ಡಿಲೀಟ್ ಹೊಡ್ದು ಹಿಂದಿನ ತಾರೀಕಿಗೆ ಇನ್ನೊಂದು ಹಾಕ್ತಿದ್ವಿ. ಈಗ 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದಲ್ಲಿ ಯಾರು, ಯಾವಾಗ, ಏನು ಬದಲಾಯ್ಸಿದ್ರು ಅನ್ನೋದೆಲ್ಲ ದಾಖಲಾಗೋ ಸಾಫ್ಟ್‌ವೇರೇ ಬಳಸ್ಬೇಕು ಅಂತ ಕಾನೂನು. ಹಳೇ ಅಭ್ಯಾಸದಲ್ಲಿ ಡಿಲೀಟ್ ಹೊಡೀಬೇಡಿ.

ನಾನು ಮುಖ್ಯವಾಗಿ ಹೇಳ್ಬೇಕು ಅಂತಿದ್ದಿದ್ದು ಇದು. ನೀವು ಹಿಂದೆ ಬಿದ್ದಿದೀರಿ ಅಂದ್ಕೊಂಡಿದೀರಿ, ಆದ್ರೆ ಈ ಹೊತ್ತಲ್ಲಿ ಎಲ್ಲರೂ ಮತ್ತೆ ಪಾಠ ಓದ್ತಿದೀವಿ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ರೇಟುಗಳೆಲ್ಲ ತಿರುಗಿದ್ವು, 12 ಮತ್ತು 28 ಪರ್ಸೆಂಟ್ ಹೆಚ್ಚುಕಮ್ಮಿ ಹೋಗಿ 5, 18 ಉಳೀತು, ಕೆಲವಕ್ಕೆ 40. ನಿಮ್ಮ ಗಾಡಿ ಪಾರ್ಟ್ಸ್ ಎಲ್ಲಾ 18ಕ್ಕೆ ಬಂತು. 2026ರ ಏಪ್ರಿಲ್ 1ರಿಂದ 1961ರ ಇನ್ಕಮ್ ಟ್ಯಾಕ್ಸ್ ಕಾಯ್ದೆ ಜಾಗಕ್ಕೆ 2025ರ ಹೊಸ ಕಾಯ್ದೆ, ಅಸೆಸ್‌ಮೆಂಟ್ ಇಯರ್ ಅನ್ನೋ ಮಾತೇ ಹೋಗಿ ಟ್ಯಾಕ್ಸ್ ಇಯರ್, ನನಗೆ ಇಪ್ಪತ್ತು ವರ್ಷದಿಂದ ಬಾಯಿಪಾಠ ಆಗಿದ್ದ ಸೆಕ್ಷನ್ ನಂಬರ್‌ಗಳು ಎಲ್ಲಾ ಬೇರೆ. ನಾನೂ ಪುಸ್ತಕ ತೆಗ್ದು ಕೂತಿದೀನಿ. ವಾಪಸ್ ಬರೋಕೆ ಇದಕ್ಕಿಂತ ಒಳ್ಳೇ ಹೊತ್ತು ಸಿಗಲ್ಲ ಮೇಡಂ.

ನನ್ನ ಹತ್ರ ಕೆಲಸ ಕೇಳ್ಕೊಂಡು ಬಂದೋರಿಗೆ ನಾನು ಸರ್ಟಿಫಿಕೇಟ್ ಕೇಳಲ್ಲ, ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತೆ ಲೆಡ್ಜರ್ ಕೈಗೆ ಕೊಟ್ಟು ಪೆನ್ಸಿಲ್ ಕೊಡ್ತೀನಿ. ನೀವೂ ಇಂಟರ್‌ವ್ಯೂನಲ್ಲಿ ಬಾಯ್ಬಿಟ್ಟು ಕೇಳಿ, ನನಗೊಂದು ಟೆಸ್ಟ್ ಕೊಡಿ ಸರ್ ಅಂತ. ಟಿಕ್ ಹಾಕ್ತಾ ಕೂತ್ರೆ ಒಂಬತ್ತು ವರ್ಷದ ಪ್ರಶ್ನೆನೇ ಬರಲ್ಲ. 14,000 ಕಮ್ಮಿ ಅನ್ಸುತ್ತೆ, ನಿಜ, ಆದ್ರೆ ಸಣ್ಣ ಆಫೀಸಲ್ಲಿ ಆರು ತಿಂಗಳಲ್ಲಿ ಹದಿನೈದು ತರದ ವ್ಯಾಪಾರದ ಲೆಕ್ಕ ಕೈಗೆ ಬರುತ್ತೆ. ಹೋಗಿ ಅಂತ ನನ್ನ ಅಭಿಪ್ರಾಯ.


ಕಾರ್ಕಳ ಟು ಡೊಂಬಿವಲಿ

ಮೇಲೆ ಸರ್ ಹೇಳಿದ್ದು ಎಲ್ಲ ಸರಿ, ಕೊನೇ ಸಾಲು ಮಾತ್ರ ನಾನು ಒಪ್ಪುವುದಿಲ್ಲ. ಕಲೀಲಿಕ್ಕೆ ಹೋಗುವುದು ಸರಿ, ಆದ್ರೆ ಎಷ್ಟು ದಿನ ಕಲಿಯುವುದು ಅಂತ ಮೊದಲೇ ಮಾತಾಡಿಕೊಳ್ಳಬೇಕು. ನಾನು ಎಂಟು ವರ್ಷ ಮನೆಯಲ್ಲಿದ್ದು ಮಸ್ಜಿದ್ ಬಂದರ್ ಹತ್ರ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟರ ಆಫೀಸಿಗೆ ಸೇರಿದವಳು, ಮೊದಲು ಟ್ರೈನಿಂಗ್ ಸಂಬಳ, ಮತ್ತೆ ನೋಡುವ ಅಂದ್ರು. ಮತ್ತೆ ನೋಡುವ ಅಂತ ಎರಡು ವರ್ಷ ಹೋಯ್ತು. ನನ್ನ ಪಕ್ಕ ಕೂತ ಹುಡುಗ, ಬಿಲ್ ಆಫ್ ಎಂಟ್ರಿ ಅಂತ ಆಮದಿನ ಕಾಗದ ತುಂಬಿಸ್ಲಿಕ್ಕೆ ನಾನೇ ಹೇಳಿಕೊಟ್ಟದ್ದು ಅವನಿಗೆ, ಅವನ ಸಂಬಳ ನನ್ನದಕ್ಕಿಂತ ಆರು ಸಾವಿರ ಹೆಚ್ಚು. ಕೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ, ಕೆಲಸ ಕೊಟ್ಟದ್ದೇ ಉಪಕಾರ ಅಂತ ತಲೆಯಲ್ಲಿ ಕೂತಿತ್ತು. ನೀವು ಹಾಗೆ ಮಾಡಬೇಡಿ. ಆರು ತಿಂಗಳಿಗೆ ಎಷ್ಟು ಮಾಡ್ತೀರಿ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ, ವಾಟ್ಸಾಪ್‌ನಲ್ಲಾದ್ರೂ ಸಾಕು.

ಮತ್ತೆ ಪಿಎಫ್ ಕೇಳಿ. ಇದನ್ನು ಯಾರೂ ಹೇಳುವುದಿಲ್ಲ. ನೀವು ಆರು ವರ್ಷ ಕಂಪನಿಯಲ್ಲಿದ್ರಲ್ಲ, ಆ ಪಿಎಫ್ ತೆಗ್ದಿದ್ದೀರಾ ಇಲ್ವಾ? ತೆಗಿಯದೇ ಇದ್ರೆ ನಿಮ್ಮ ಹಳೇ ಸಂಬಳದ ಚೀಟಿಯಲ್ಲಿ ಯುಎಎನ್ ಅಂತ ಪಿಎಫ್ ನಂಬರ್ ಉಂಟಾ ನೋಡಿ, 12 ಅಂಕಿಯದ್ದು. ಹೊಸ ಕಡೆ ಸೇರುವಾಗ ಅದೇ ನಂಬರ್ ಕೊಡಿ. ಪಿಂಚಣಿಗೆ ಒಟ್ಟು 10 ವರ್ಷ ಸರ್ವಿಸ್ ಬೇಕು, ನಡುವೆ ಎಷ್ಟು ವರ್ಷ ಮನೆಯಲ್ಲಿದ್ರೂ ಹಳೇ ಆರು ಹೊಸ ನಾಲ್ಕು ಸೇರಿ ಹತ್ತಾಗ್ತದೆ. ಪಿಂಚಣಿ ಹಣ ಆಗಲೇ ವಾಪಸ್ ತಗೊಂಡಿದ್ರೆ ಮಾತ್ರ ಮತ್ತೆ ಸೊನ್ನೆಯಿಂದ. ಆದ್ರೆ 20 ಜನಕ್ಕಿಂತ ಕಮ್ಮಿ ಇರುವ ಆಫೀಸಿಗೆ ಪಿಎಫ್ ಕಡ್ಡಾಯ ಇಲ್ಲ, ಆ ಟ್ಯಾಕ್ಸ್ ಆಫೀಸಲ್ಲಿ ಇರ್ಲಿಕ್ಕಿಲ್ಲ. ಅದಕ್ಕೇ ಹೇಳುವುದು, ಅಲ್ಲಿ ಕಲಿತು ಮತ್ತೆ ಒಂದು ಕಾರ್ಖಾನೆಗೇ ಹೋಗಿ, ನೀವು ಮೊದಲು ಇದ್ದ ಕಡೆಯವರನ್ನೇ ಕೇಳಿದ್ರೂ ಆಯ್ತು. ದೊಡ್ಡ ಕಂಪನಿಗಳಲ್ಲಿ ಬಿಟ್ಟು ಬಂದ ಹೆಂಗಸರಿಗೆ ಅಂತಲೇ ಪ್ರೋಗ್ರಾಂ ಇರ್ತದೆ, ಟಾಟಾದವರು 2008ರಲ್ಲೇ ಸೆಕೆಂಡ್ ಕರಿಯರ್ ಅಂತ ಶುರು ಮಾಡಿದ್ದು.

ನನಗೆ ನಿಜವಾಗಿ ಧೈರ್ಯ ಬಂದದ್ದು ಆಫೀಸಲ್ಲಿ ಅಲ್ಲ, ಟ್ರೇನಲ್ಲಿ. ಮೊದಲನೇ ದಿನ ಲೇಡೀಸ್ ಡಬ್ಬಕ್ಕೆ ಹತ್ತಿದಾಗ ನಿಲ್ಲಲಿಕ್ಕೇ ಜಾಗ ಇಲ್ಲ, ಕಣ್ಣು ತುಂಬಿತ್ತು. ಒಬ್ರು ಹೆಂಗಸು ಬಟಾಣಿ ಸುಲಿತಾ ಕೂತಿದ್ರು, ನನ್ನ ಮುಖ ನೋಡಿ ಮಡಿಲಿಗೆ ಒಂದು ಹಿಡಿ ಬಟಾಣಿ ಹಾಕಿ ಕೂರು ಅಂತ ಜಾಗ ಕೊಟ್ರು. ಅವರೂ ಐದು ವರ್ಷ ಮನೆಯಲ್ಲಿದ್ದು ಬಂದವರು. ಆ ಗುಂಪಿನಲ್ಲಿ ಒಂಬತ್ತು ಜನ, ಅದರಲ್ಲಿ ನಾಲ್ಕು ಜನ ಹಾಗೆ ಬಂದವರೇ. ಅವತ್ತಿನಿಂದ ಕಲ್ಯಾಣ್ ಕಡೆಯ ಡಬ್ಬದಲ್ಲಿ ಅವರೊಟ್ಟಿಗೇ ಹೋಗುವುದು.


ಹಡಪ್ಸರ್‌ನಿಂದ

ಎಲ್ಲರೂ ಹೋಗಿ ಹೋಗಿ ಅಂತಿದೀರಿ, ನಾನು ಹೋಗಿ ಬಿಟ್ಟು ಬಂದವಳು, ಅದೂ ಇರ್ಲಿ ಅಂತ ಬರೀತಿದೀನಿ. ನಾಲ್ಕು ತಿಂಗಳು ಮಾಡಿದೆ. ಮಗಳಿಗೆ ಡೆಂಗಿ ಬಂತು, ಪ್ಲೇಟ್‌ಲೆಟ್ ಇಳೀತಿತ್ತು, ಎಂಟು ದಿನ ರಜೆ ಹಾಕ್ದೆ, ಒಂಬತ್ತನೇ ದಿನ ಹೋದಾಗ ನನ್ನ ಟೇಬಲ್ ಮೇಲೆ ಬೇರೆಯವರು ಕೂತಿದ್ರು. ಆ ಕಂಪನಿ ಬಗ್ಗೆ ಏನೂ ಹೇಳಲ್ಲ. ನಾನು ಮಾಡಿದ ತಪ್ಪು ಅಂದ್ರೆ ಮಗು ಹುಷಾರು ತಪ್ಪಿದ್ರೆ ಯಾರು ಅನ್ನೋದನ್ನ ಮನೇಲಿ ಮಾತಾಡದೇ ಹೋಗಿದ್ದು. ಪಾಳ್ಣಾಘರ್‌ನಲ್ಲಿ ಜ್ವರ ಬಂದ ಮಗೂನ ಇಟ್ಕೊಳಲ್ಲ, ಇಟ್ಕೊಳ್ಳಲೂ ಬಾರದು. ಮೊದಲ ಎರಡು ದಿನ ಅಪ್ಪ, ಆಮೇಲೆ ಅಮ್ಮ, ಅಷ್ಟರಲ್ಲಿ ಊರಿಂದ ಅಜ್ಜಿ ಬಸ್ ಹತ್ತಬೇಕು, ಹೀಗೇನಾದ್ರೂ ಒಂದು ಇರ್ಬೇಕು. ಸೊಲ್ಲಾಪುರ ಹತ್ರಾನೇ, ಅತ್ತೆಯವರನ್ನ ಈಗಲೇ ಕೇಳಿಡಿ. ಈಗ ನಾನು ಮೂರು ಅಂಗಡಿಗಳ ಲೆಕ್ಕ ಮನೆಯಿಂದ ಬರೀತೀನಿ, ತಿಂಗಳಿಗೆ 12,000 ಬರುತ್ತೆ. ಇದೂ ಕೆಲಸನೇ, ಆಫೀಸ್ ಆಗ್ಲಿಲ್ಲ ಅಂದ್ರೆ ಇದಿದೆ ಅಂತ ಹೇಳ್ದೆ ಅಷ್ಟೇ.


ದಾವಣಗೆರೆಯೋಳು, ವಾಕಡ್

ಎಲ್ಲರದ್ದೂ ಎರಡೆರಡು ಸಲ ಓದ್ದೆ. ಗದಗದ ಅಕ್ಕ, ಕನ್ನಡಿ ಮುಂದೆ ಹೇಳ್ತಿದ್ದೆ, ಮಗಳು ಬಂದು ಯಾರ ಜೊತೆ ಮಾತಾಡ್ತಿದೀಯ ಅಂದ್ಲು. ಹೇಳಿದೆ. ಅವಳು ಎದುರಿಗೆ ಕೂತು, ಮೇಡಂ, ಒಂಬತ್ತು ವರ್ಷ ಏನ್ ಮಾಡಿದ್ರಿ ಅಂತ ಗಂಟಲು ದಪ್ಪ ಮಾಡಿ ಕೇಳಿದ್ಲು, ನಾಲ್ಕು ಸಲ ಕೇಳ್ಸಿ ನಾಲ್ಕು ಸಲ ಉತ್ತರ ಕೊಟ್ಟೆ. ನಾಲ್ಕನೇ ಸಲ ಗಂಟಲು ಕಟ್ಟಲಿಲ್ಲ.

ಪಿಎಫ್ ತೆಗ್ದಿಲ್ಲ, ಹಳೇ ಚೀಟಿಯಲ್ಲಿ ನಂಬರ್ ಸಿಕ್ತು. ಇದು ಗೊತ್ತೇ ಇರ್ಲಿಲ್ಲ ನನಗೆ, ಕಾರ್ಕಳದ ಅಕ್ಕನಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಅತ್ತೆಗೆ ಫೋನ್ ಮಾಡಿದ್ವಿ, ಅವರು, ಹಬ್ಬಕ್ಕ ಕರಿಯೂ ಹಂಗ ಇದಕ್ಕೂ ಕರೀರಿ, ಬರ್ತೀನಿ ಅಂದ್ರು. ಡಬ್ಬಿ ವಿಷಯ ನಮ್ಮನೆಯವರಿಗೆ ಓದಿ ಹೇಳ್ದೆ, ಸೋಮವಾರದಿಂದ ಕಟ್ತೀನಿ ಅಂದಿದಾರೆ.

ಆ ಟ್ಯಾಕ್ಸ್ ಆಫೀಸ್ನೋರ ಹತ್ರ ಆರು ತಿಂಗಳು 14,000, ಆಮೇಲೆ 19,000 ಅಂತ ಬರೆಸ್ಕೊಂಡೆ, ಕೈ ನಡುಗ್ತಿತ್ತು, ಆದ್ರೂ ಕೇಳ್ದೆ. ಟೆಸ್ಟೂ ಕೇಳ್ದೆ. ಅವರು ಒಂದು ಪಾರ್ಟಿಯ ಖರೀದಿ ಲೆಡ್ಜರ್ ಮತ್ತೆ 2ಬಿ ಪ್ರಿಂಟ್ ಕೊಟ್ಟು ಮನೇಗೆ ತಗೊಂಡ್ಹೋಗಿ ನೋಡ್ಕೊಂಡ್ ಬನ್ನಿ ಅಂದ್ರು. ಮಕ್ಕಳು ಮಲಗಿದ್ಮೇಲೆ ಕೂತೆ, 62 ಬಿಲ್, 58 ತಾಳೆ ಆಯ್ತು. ನಾಲ್ಕು ಬಿಲ್ ನಮ್ಮ ಲೆಡ್ಜರ್‌ನಲ್ಲಿದೆ, 2ಬಿನಲ್ಲಿ ಇಲ್ಲ. ನಾಲ್ಕೂ ಒಂದೇ ಸಪ್ಲೈಯರ್‌ದು. ಪಿಂಪರಿ ಸರ್, ಇದನ್ನ ಏನ್ ಮಾಡೋದು?


ಪಿಂಪರಿ ಜಿಎಸ್‌ಟಿ ಪ್ರಾಕ್ಟೀಸ್

ಆ ಸಪ್ಲೈಯರ್ ಜಿಎಸ್‌ಟಿಆರ್-1 ಹಾಕಿಲ್ಲ, ಇಲ್ಲಾ ಲೇಟಾಗಿ ಹಾಕಿರ್ತಾನೆ. ಅವನು ಹಾಕೋ ತನಕ ಆ ನಾಲ್ಕು ಬಿಲ್ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ, ಅಂದ್ರೆ ಅದರ ಟ್ಯಾಕ್ಸ್‌ನ ನಾವು ಕಟ್ಟೋ ಟ್ಯಾಕ್ಸಲ್ಲಿ ಕಳೆಯೋ ಹಾಗಿಲ್ಲ, ಬೇರೆ ಪಟ್ಟಿ ಮಾಡಿಟ್ಟು ಮುಂದಿನ ತಿಂಗಳ 2ಬಿನಲ್ಲಿ ಮತ್ತೆ ನೋಡಿ. ಜಿಎಸ್‌ಟಿ ನಂಬರ್ ಒಂದಂಕಿ ತಪ್ಪು ಹಾಕಿದ್ರೂ ಹೀಗಾಗುತ್ತೆ, ಅದನ್ನೂ ಚೆಕ್ ಮಾಡಿ. ಮತ್ತೆ ಅವನಿಗೆ ಫೋನ್ ಮಾಡಿ, ಬಿಡದೇ ಮಾಡ್ಬೇಕು.


ದಾವಣಗೆರೆಯೋಳು, ವಾಕಡ್

ಸಿ ಫಾರ್ಮ್‌ಗೆ ಫೋನ್ ಮಾಡ್ತಿದ್ದ ಹಾಗೇನೇ ಸರ್ ಇದು! ರಾಜಕೋಟ್‌ನ ಒಂದು ಪಾರ್ಟಿ ಎರಡು ವರ್ಷದ ಸಿ ಫಾರ್ಮ್ ಇಟ್ಕೊಂಡಿದ್ರು, ದಿನಾ ಹನ್ನೊಂದಕ್ಕೆ ಒಂದು ಫೋನ್ ಅಂತ ಮಾಡಿ ಮಾಡಿ ತರ್ಸಿದ್ದೆ. ಇದು ಬರುತ್ತೆ ನನಗೆ. ನಾಲ್ಕು ಬಿಲ್ ನಂಬರ್ ಬೇರೆ ಹಾಳೆಯಲ್ಲಿ ಬರ್ಕೊಂಡಿದೀನಿ, ನಾಳೆ ಹತ್ತಕ್ಕೆ ಹೋಗ್ತಿದೀನಿ.